ಕುಡಿನೋಟಕ್ಕೆ ಕಾಣದ ಕುಡಿ

ಗದಗಿನ ಕಡೆಯಿಂದ ಅದಿರು ತುಂಬಿಕೊಂಡು ಬರುತ್ತಿದ್ದ ಗೂಡ್ಸ್ ರೈಲೊಂದು, ಹುಬ್ಬಳ್ಳಿ ಇನ್ನು ಹನ್ನೊಂದು ಕಿಲೋಮೀಟರ್ ಇರುವಾಗ, ಹಸಿರು ಸಿಗ್ನಲ್ಲಿನ ಎದುರು ನಿಂತುಬಿಟ್ಟಿತು. ಮಟಮಟ ಮಧ್ಯಾಹ್ನ. ಹಳಿಯ ಮೇಲೆ ದನ ಇರಲಿಲ್ಲ, ಎಂಜಿನ್ನಿನಲ್ಲಿ ದೋಷವಿರಲಿಲ್ಲ. ನಡೆಸುತ್ತಿದ್ದ ನೀಲಾಂಬಿಕಾ ಹೂಗಾರ ಹದಿನೇಳು ವರ್ಷದ ಅನುಭವಿ. ಎಂಜಿನ್ ಹತ್ತುವ ಹೆಂಗಸರು ಬೆರಳೆಣಿಕೆಯಷ್ಟಿದ್ದಾಗಲೇ ಕೆಲಸಕ್ಕೆ ಸೇರಿದವಳು. ಪಕ್ಕದಲ್ಲಿದ್ದ ಸಹಾಯಕ ಚಾಲಕ ಎರಡು ಸಲ "ಮೇಡಂ, ಹಸಿರೈತ್ರಿ" ಎಂದ. ಕಾಣುತ್ತಿದೆ ಎಂದು ಅವಳು ತಲೆಯಾಡಿಸಿದಳು. ಕೈ ಮಾತ್ರ ಹಿಡಿಕೆಯ ಕಡೆ ಹೋಗಲಿಲ್ಲ. ಏಳು ನಿಮಿಷ ಹಾಗೆಯೇ ಕಳೆಯಿತು. ಆಮೇಲೆ ಅವಳೇ ವಾಕಿಟಾಕಿ ಎತ್ತಿ, ತನ್ನಿಂದ ಗಾಡಿ ನಡೆಸಲು ಆಗುತ್ತಿಲ್ಲ, ಬೇರೆಯವರನ್ನು ಕಳಿಸಿ ಎಂದು ಮುಂದಿನ ಸ್ಟೇಷನ್ನಿಗೆ ತಿಳಿಸಿದಳು.

ವಿಚಾರಣೆಯಲ್ಲಿ ಏನಾಯಿತು ಎಂದು ಕೇಳಿದರು. ಏನೂ ಆಗಿಲ್ಲ ಎಂದಳು, ಅದು ನಿಜವೂ ಆಗಿತ್ತು. ಅವಳ ಗಾಡಿಗೆ ಯಾರೂ ಸಿಕ್ಕಿರಲಿಲ್ಲ, ಮನೆಯಲ್ಲಿ ಜಗಳವಿರಲಿಲ್ಲ. ಹಿಂದಿನ ಮಳೆಗಾಲದಿಂದ ಒಂದೊಂದಾಗಿ ಎಲ್ಲದರ ರುಚಿ ಹೋಗುತ್ತ ಬಂದಿತ್ತು, ಅಷ್ಟೆ. ಮೊದಲು ಹಾಡು ಬೇಡವಾಯಿತು, ಆಮೇಲೆ ಊಟ, ಆಮೇಲೆ ಮಾತು. ಅವತ್ತು ಹಸಿರು ಹಸಿರಾಗಿಯೇ ಕಂಡಿತ್ತು. ಆದರೆ ಹಸಿರಾದರೇನು, ಕೆಂಪಾದರೇನು ಎನ್ನಿಸಿತ್ತು. ಹಾಗೆ ಅನ್ನಿಸಿದವರು ಎಂಜಿನ್ನಿನಲ್ಲಿ ಕೂರಬಾರದು ಎಂಬಷ್ಟು ತಿಳಿವಳಿಕೆ ಉಳಿದಿದ್ದರಿಂದ ಇಳಿದಳು. ಇಲಾಖೆಯವರು ರಜೆ ಕೊಟ್ಟು ಚಿಕಿತ್ಸೆಗೆ ಕಳಿಸಿದರು.

ಗಂಡ ಬಸವಂತಪ್ಪ ಹಳೇ ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುತ್ತಿದ್ದ. ಕೆಳಗೆ ಖಾನಾವಳಿ, ಮೇಲೆ ಮನೆ. ಮಕ್ಕಳಿರಲಿಲ್ಲ. ಹೊಟ್ಟೆ ತುಂಬ ಉಣ್ಣಿಸಿದರೆ ಯಾವ ಜಡ್ಡೂ ಇಳಿಯುತ್ತದೆಂದು ನಂಬಿದ್ದ ಮನುಷ್ಯ. ಹೆಂಡತಿಗೆ ದಣಿವಾಗಿದೆ, ಎರಡು ತಿಂಗಳು ಮಲಗಿದರೆ ಸರಿಹೋಗುತ್ತಾಳೆ ಎಂದುಕೊಂಡ. ಎರಡು ವರ್ಷವಾಯಿತು. ನಾಲ್ಕು ಬಗೆಯ ಮಾತ್ರೆಗಳನ್ನು ವೈದ್ಯರು ಬದಲಿಸಿ ನೋಡಿದರು. ಮೂರರಿಂದ ಏನೂ ಆಗಲಿಲ್ಲ; ಒಂದರಿಂದ ಆರು ವಾರ ಸ್ವಲ್ಪ ಬೆಳಕು ಮೂಡಿದಂತಾಗಿ ಮತ್ತೆ ಆರಿತು. ದಿನಾ ಮಧ್ಯಾಹ್ನ ಅವನು ಮೇಲಕ್ಕೆ ಒಯ್ಯುತ್ತಿದ್ದ ತಟ್ಟೆ ಸಂಜೆ ಹಾಗೆಯೇ ಕೆಳಗೆ ಬರುತ್ತಿತ್ತು.

ಒಂದು ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ಅವಳು ಮೆಟ್ಟಿಲಿಳಿದು ಬಂದು ಒಲೆಯ ಮುಂದಿದ್ದ ಅವನಿಗೆ ಮೆಲ್ಲಗೆ ಹೇಳಿದಳು. "ಇವತ್ತ ನನ್ನ ಒಬ್ಬಾಕಿನ್ನ ಬಿಡಬ್ಯಾಡ್ರಿ. ನನ್ನ ಮ್ಯಾಲೆ ನನಗ ಭರೋಸಾ ಇಲ್ಲ."

ಬಸವಂತಪ್ಪ ಕೈಗೆ ಹತ್ತಿದ್ದ ಹಿಟ್ಟನ್ನೂ ತೊಳೆಯದೆ ಅವಳ ಪಕ್ಕ ಕೂತ. ಅವತ್ತೇ ಮಧ್ಯಾಹ್ನ ಇಬ್ಬರೂ ಊರ ಹೊರಗಿನ ಮಿದುಳು ಸಂಶೋಧನಾ ಕೇಂದ್ರದಲ್ಲಿ ಡಾ. ನಸ್ರೀನ್ ಸವಣೂರರ ಮುಂದೆ ಇದ್ದರು.

ನಸ್ರೀನ್ ಮನೋವೈದ್ಯೆ. ಎಷ್ಟು ಮಾತ್ರೆ ಕೊಟ್ಟರೂ ಮೇಲೇಳದ ಖಿನ್ನತೆಯವರಿಗಾಗಿಯೇ ಆ ಕೇಂದ್ರದಲ್ಲಿ ಒಂದು ಪ್ರಯೋಗ ನಡೆಸುತ್ತಿದ್ದರು. ಔಷಧಿಯ ಹೆಸರು ಕೆಟಮಿನ್ ಎಂದು ಕೇಳಿ ಬಸವಂತಪ್ಪ ಬೆಚ್ಚಿದ. ಆಪರೇಷನ್ನಿಗೆ ಮೊದಲು ಪ್ರಜ್ಞೆ ತಪ್ಪಿಸಲು ಕೊಡುವ ಔಷಧಿ ಅಲ್ಲವೇ ಅದು, ಅಮಲಿಗೂ ತಗೊಳ್ಳುತ್ತಾರಂತಲ್ಲ ಎಂದು ಕೇಳಿದ. ನಸ್ರೀನ್ ಎರಡನ್ನೂ ಒಪ್ಪಿಕೊಂಡರು. ಅದಕ್ಕೇ ಮನೆಗೆ ಕೊಟ್ಟು ಕಳಿಸುವುದಿಲ್ಲ, ಇಲ್ಲಿಯೇ ವಾರಕ್ಕೊಮ್ಮೆ, ಸಣ್ಣ ಪ್ರಮಾಣದಲ್ಲಿ, ನರ್ಸ್ ಪಕ್ಕದಲ್ಲಿದ್ದು ರಕ್ತದೊತ್ತಡ ನೋಡುತ್ತ, ನಲವತ್ತು ನಿಮಿಷ ಹನಿಹನಿಯಾಗಿ ಕೊಡುತ್ತೇವೆ ಎಂದರು. ಎಲ್ಲರಿಗೂ ಹಿಡಿಯುತ್ತದೆಂಬ ಖಾತರಿ ಇಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಆಮೇಲೆ ಒಂದು ಹಾಳೆಯ ಮೇಲೆ ಕೊಂಬೆ ಬರೆದು ತೋರಿಸಿದರು. ಮಿದುಳಿನ ನರಕೋಶಕ್ಕೆ ಹೀಗೆ ಕೊಂಬೆಗಳಿವೆ. ಕೊಂಬೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕುಡಿಗಳು. ಒಂದು ಕೋಶ ಇನ್ನೊಂದರ ಜತೆ ಮಾತಾಡುವುದು ಈ ಕುಡಿಗಳ ಮೂಲಕ. ಖಿನ್ನತೆ ವರ್ಷಗಟ್ಟಲೆ ಕೂತರೆ, ಮುಖ್ಯವಾಗಿ ಹಣೆಯ ಹಿಂದಿನ ಭಾಗದಲ್ಲಿ, ಕುಡಿಗಳು ಬಾಡುತ್ತವೆ. ಕೆಟಮಿನ್ ಹೋದಾಗ ಮಿದುಳಿನಲ್ಲಿ ಬೆಳವಣಿಗೆಯ ಒಂದು ಸಂದೇಶ ಹೊರಡುತ್ತದೆ. ಒಂದೆರಡು ದಿನದಲ್ಲೇ ಹೊಸ ಕುಡಿ ಒಡೆಯತೊಡಗುತ್ತವೆ. ಬಂದದ್ದೆಲ್ಲ ಉಳಿಯುವುದಿಲ್ಲ. ಕೆಲಸ ಸಿಕ್ಕವು ಉಳಿಯುತ್ತವೆ, ಮಿಕ್ಕವು ಉದುರುತ್ತವೆ.

"ಅದಕ್ಕ ಔಷಧ ತಗೊಂಡ ಮ್ಯಾಲಿನ ಐದು ದಿನಕ್ಕ ನಾವು ಹಸಿ ದಿನ ಅಂತೇವಿ" ಎಂದು ನೀಲಾಂಬಿಕಾಳ ಕಡೆ ತಿರುಗಿ ಹೇಳಿದರು. "ಆ ದಿನಗಳಾಗ ನೀವು ಏನರ ಮಾಡಬೇಕು. ಖುಷಿಯಿಂದ ಮಾಡ್ರಿ ಅನ್ನಂಗಿಲ್ಲ. ಸುಮ್ಮನ ಮಾಡ್ರಿ."

ಈ ಕೇಂದ್ರದಲ್ಲಿ ಬೇರೆಲ್ಲೂ ಇಲ್ಲದ ಒಂದು ಯಂತ್ರವಿತ್ತು. ಬದುಕಿರುವವರ ಮಿದುಳಿನಲ್ಲಿ ಕುಡಿ ಒಡೆಯುವುದನ್ನು ಕಣ್ಣಾರೆ ನೋಡುವಂತಿದ್ದರೆ ಏನಾದೀತು ಎಂಬ ಒಂದು ಪ್ರಶ್ನೆಯ ಬೆನ್ನು ಹತ್ತಿ ಕಾರವಾರದ ಭೌತವಿಜ್ಞಾನಿ ಎಡ್ವಿನ್ ಲೋಬೊ ಒಂಬತ್ತು ವರ್ಷ ದುಡಿದು ಕಟ್ಟಿದ್ದ. ರಕ್ತದಲ್ಲಿ ಬಿಟ್ಟ ಒಂದು ಗುರುತು-ದ್ರವ ಕುಡಿಗಳ ತುದಿಗೆ ಅಂಟಿಕೊಂಡು ಮಿನುಗುತ್ತದೆ, ತಲೆಗೆ ತೊಡಿಸಿದ ಟೊಪ್ಪಿಗೆಯಂಥ ಯಂತ್ರ ಆ ಮಿನುಗನ್ನು ಎಣಿಸುತ್ತದೆ. ಅದಕ್ಕೆ ಕುಡಿನೋಟ ಎಂದು ಹೆಸರಿಟ್ಟವನೂ ಅವನೇ. ಓರೆಗಣ್ಣಿಂದ ನೋಡುವುದಕ್ಕೂ ಕನ್ನಡದಲ್ಲಿ ಅದೇ ಹೆಸರು ಎಂದು ನರ್ಸುಗಳು ನಗುತ್ತಿದ್ದರು.

ಯಂತ್ರ ಇದ್ದುದರಿಂದಲೇ ಪ್ರಯೋಗಕ್ಕೆ ಒಂದು ನಿಯಮವೂ ಬಂದಿತ್ತು. ಮೂರನೆಯ ಡೋಸಿನ ನಂತರವೂ ಹಣೆಯ ಹಿಂದೆ ಕುಡಿ ಹೆಚ್ಚದಿದ್ದರೆ ಆ ರೋಗಿಗೆ ಔಷಧಿ ನಿಲ್ಲಿಸಬೇಕು. ಫಲವಿಲ್ಲದೆ ಇಂಥ ಔಷಧಿಯನ್ನು ಮತ್ತೆ ಮತ್ತೆ ಕೊಡುವುದು ತಪ್ಪು. ಸರದಿಯಲ್ಲಿ ನೂರಾರು ಜನ ಕಾಯುತ್ತಿದ್ದಾರೆ. ನಸ್ರೀನ್ ಮತ್ತು ಎಡ್ವಿನ್ ಕೂಡಿಯೇ ಬರೆದಿದ್ದ ನಿಯಮ ಅದು. ಅದರಂತೆ ಈವರೆಗೆ ಹನ್ನೊಂದು ಜನರನ್ನು ಮನೆಗೆ ಕಳಿಸಿದ್ದರು.

ಮೊದಲ ಡೋಸಿನ ದಿನ ನೀಲಾಂಬಿಕಾ ಕಣ್ಣು ಮುಚ್ಚಿ ಮಲಗಿದ್ದಳು. ಬಸವಂತಪ್ಪ ಗಾಜಿನಾಚೆ ನಿಂತು ಅವಳ ಹೆಬ್ಬೆರಳನ್ನೇ ನೋಡುತ್ತಿದ್ದ. ಎದ್ದ ಮೇಲೆ ಹೇಗನ್ನಿಸಿತು ಎಂದು ಕೇಳಿದ್ದಕ್ಕೆ, ಮೈಯನ್ನು ಎಲ್ಲೋ ಇಟ್ಟು ಮರೆತು ಬಂದಂತಾಗಿತ್ತು, ಈಗ ಸಿಕ್ಕಿತು ಎಂದಳು.

ಹಸಿ ದಿನಗಳಿಗೆಂದು ಕೇಂದ್ರದವರು ಕೊಟ್ಟ ಪಟ್ಟಿಯಲ್ಲಿ ಬಣ್ಣ ತುಂಬುವುದು, ಹಾಡು ಕೇಳುವುದು, ಹಳೆಯ ಗೆಳತಿಯರಿಗೆ ಫೋನ್ ಮಾಡುವುದು ಇತ್ತು. ಅವಳು ಪಟ್ಟಿಯನ್ನು ಮಡಚಿ ಹಾಸಿಗೆಯ ಕೆಳಗಿಟ್ಟಳು. ಎರಡನೆಯ ದಿನ ಬಸವಂತಪ್ಪ ಬದನೆಕಾಯಿ ತರಲು ಹೊರಟಾಗ ಜತೆಗೆ ಕರೆದ. ಬಂದಳು. ಸಂತೆಯಲ್ಲಿ ಅವನು ಕಾಯಿ ಆರಿಸುತ್ತಿರುವಾಗಲೇ ಅವಳು ತಿರುಗಿ ಒಂದು ಓಣಿಗೆ ಇಳಿದಳು. ಅವನು ಚೀಲವನ್ನು ಅಂಗಡಿಯವಳ ಹತ್ತಿರವೇ ಬಿಟ್ಟು ಹಿಂದೆ ಓಡಿದ. ಅವಳೇನೂ ಓಡುತ್ತಿರಲಿಲ್ಲ. ಓಣಿಯ ಕೊನೆಗೆ ನಿಂತು ಎಡಬಲ ನೋಡಿ ಬಲಕ್ಕೆ ತಿರುಗಿದಳು, ಮುಂದೆ ಮತ್ತೆ ನಿಂತಳು. ಅರ್ಧ ತಾಸು ಹೀಗೆ ಸುತ್ತಿ ಹೇಗೋ ಮನೆಯ ಮುಂದೆ ಬಂದು ಮುಟ್ಟಿದಳು.

ಮರುದಿನ ಅವಳೇ ಚಪ್ಪಲಿ ಮೆಟ್ಟಿ ಹೊರಟಳು. ಅವನು ಮೂವತ್ತು ಹೆಜ್ಜೆ ಹಿಂದೆ. ಎರಡನೆಯ ಡೋಸು ಮುಗಿಯುವ ಹೊತ್ತಿಗೆ ಅದು ದಿನದ ಕೆಲಸವಾಗಿತ್ತು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಕೂಡಲೇ ನಡೆಯಬೇಕು, ನಿನ್ನೆಯ ದಾರಿಗೆ ಇವತ್ತು ನಾಲ್ಕು ತಿರುವು ಸೇರಿಸಬೇಕು. ಏನು ಮಾಡುತ್ತಿದ್ದಾಳೆಂದು ಬಸವಂತಪ್ಪನಿಗೆ ಬಹಳ ತಡವಾಗಿ ಹೊಳೆಯಿತು. ರೈಲು ನಡೆಸುವವರನ್ನು ಹೊಸ ಮಾರ್ಗಕ್ಕೆ ಹಾಕುವ ಮೊದಲು ಎಂಜಿನ್ನಿನಲ್ಲಿ ಸುಮ್ಮನೆ ಕೂರಿಸಿ ಹಲವು ಸಲ ಓಡಾಡಿಸುತ್ತಾರೆ. ಎಲ್ಲಿ ಏರು, ಎಲ್ಲಿ ತಿರುವು, ಯಾವ ಮರದ ಹಿಂದೆ ಸಿಗ್ನಲ್ಲು ಎಂಬುದೆಲ್ಲ ತಲೆಗೆ ಹತ್ತಬೇಕು. ಮಾರ್ಗ ಕಲಿಯುವುದು ಎನ್ನುತ್ತಾರೆ. ಮದುವೆಯಾದಾಗಿನಿಂದ ನೋಡಿದ ಊರಿನ ಮಾರ್ಗವನ್ನು ಅವಳು ಮೊದಲಿಂದ ಕಲಿಯುತ್ತಿದ್ದಳು.

ಆದರೆ ಕೇಂದ್ರದಲ್ಲಿ ಪ್ರಶ್ನೆಪಟ್ಟಿ ತುಂಬಿಸುವಾಗ ಅವಳ ಉತ್ತರ ಬದಲಾಗಲಿಲ್ಲ. ಉತ್ಸಾಹ ಇದೆಯೇ? ಇಲ್ಲ. ಊಟ ರುಚಿಸುತ್ತದೆಯೇ? ಇಲ್ಲ. ಮುಂದೆ ಒಳ್ಳೆಯದಾದೀತು ಅನ್ನಿಸುತ್ತದೆಯೇ? ಇಲ್ಲ. ಸುಳ್ಳು ಬರೆಯುವ ಹೆಂಗಸಲ್ಲ ಅವಳು.

ಹಿಂದಿನ ಎರಡು ಸಲದಂತೆ, ಮೂರನೆಯ ಡೋಸಾಗಿ ಎರಡು ದಿನಕ್ಕೂ ಕುಡಿನೋಟದಿಂದ ಚಿತ್ರ ತೆಗೆದರು. ನಿಯಂತ್ರಣ ಕೊಠಡಿಯಲ್ಲಿ ಎಡ್ವಿನ್ ಪರದೆಯನ್ನು ನಸ್ರೀನರ ಕಡೆ ತಿರುಗಿಸಿದ. ಹಣೆಯ ಹಿಂದಿನ ಭಾಗ ಮೊದಲ ದಿನ ಎಷ್ಟು ಮಂಕಾಗಿತ್ತೋ ಅಷ್ಟೇ ಮಂಕು. ಪ್ರಶ್ನೆಪಟ್ಟಿಯೂ ಅದನ್ನೇ ಹೇಳುತ್ತದೆ, ಎರಡೂ ಕೂಡಿಬಂದ ಮೇಲೆ ಇನ್ನೇನು ಎಂದು ಮೆಲ್ಲಗೆ ಕೇಳಿದ. ನಿಲ್ಲಿಸುವ ಪತ್ರವನ್ನು ನಸ್ರೀನ್ ಅಲ್ಲಿಯೇ ಕೂತು ಬರೆದು ಸಹಿ ಹಾಕಿದರು. ಅದನ್ನು ಕೊಡುವ ಕೆಲಸ ಮಾತ್ರ ಬೇರೆ ಯಾರಿಗೂ ಒಪ್ಪಿಸದೆ ತಾವೇ ಹೊರಗೆ ಬಂದರು.

ಬಸವಂತಪ್ಪ ಪೂರ್ತಿ ಕೇಳಿಸಿಕೊಂಡ. ಪತ್ರವನ್ನು ಕೈಗೆ ತಗೊಳ್ಳಲಿಲ್ಲ.

"ಮೇಡಂ, ನಿಮ್ಮ ಮಿಷನ್ನಿಗೆ ಏನ್ ಕಾಣತೈತೋ ನನಗ ಗೊತ್ತಿಲ್ಲ" ಎಂದ. "ನಿನ್ನೆ ಈಕಿ ನನಗ ಬೈದಳ್ರಿ. ಹಿಂದ ಹಿಂದ ಯಾಕ ಕಳ್ಳರಂಗ ಬರತೀರಿ, ಬರೂದಿದ್ರ ಜೋಡಿ ಬರ್ರಿ ಅಂದಳು. ಎರಡು ವರ್ಷದಾಗ ನನಗ ಒಂದ ಮಾತ ಬೈದಿರಲಿಲ್ಲ."

ನಸ್ರೀನ್ ಎಲ್ಲಿಗೆ ಹಿಂದೆ ಹಿಂದೆ ಹೋಗುತ್ತಿದ್ದಿರಿ ಎಂದು ಕೇಳಿದರು. ಅವನು ಓಣಿ ಸುತ್ತುವ ಸಂಗತಿ ಹೇಳಿದ. ಈ ಮಾತು ಇಷ್ಟು ದಿನ ಯಾರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ಪ್ರಶ್ನೆಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ನಸ್ರೀನ್ ನೀಲಾಂಬಿಕಾಳ ಮುಂದೆ ಕಾಗದ ಇಟ್ಟು, ನಡೆದ ದಾರಿಯನ್ನು ಬರೆಯಲು ಆಗುತ್ತದೆಯೇ ಎಂದರು. ಅವಳು ಹಾಳೆಯನ್ನು ಉದ್ದಕ್ಕೆ ತಿರುಗಿಸಿಕೊಂಡಳು. ನಡುವೆ ಒಂದು ಗೆರೆ ಎಳೆದು ಎರಡೂ ಬದಿಗೆ ಗುರುತು ಹಾಕುತ್ತ ಹೋದಳು: ಹಿಟ್ಟಿನ ಗಿರಣಿ, ಎಡತಿರುವು, ಒಡೆದ ನಲ್ಲಿ, ಇಳಿಜಾರು, ದರ್ಗಾದ ಹಸಿರು ಬಾಗಿಲು, ಬಲತಿರುವು. ಒಂದು ಹಾಳೆ ಸಾಲದೆ ಇನ್ನೊಂದು ಕೇಳಿದಳು. ಅರವತ್ತೊಂದು ತಿರುವುಗಳಿದ್ದವು. ಎಲ್ಲಿಯೂ ಅಳಿಸಿ ತಿದ್ದಲಿಲ್ಲ.

ನಸ್ರೀನ್ ಆ ಹಾಳೆಗಳನ್ನು ಎಡ್ವಿನ್‌ನ ಮೇಜಿನ ಮೇಲಿಟ್ಟು, ತಿಂಗಳ ಹಿಂದೆ ಈಕೆಗೆ ತನ್ನ ಚಪ್ಪಲಿ ಎಲ್ಲಿದೆ ಎಂಬುದೂ ನೆನಪಿರುತ್ತಿರಲಿಲ್ಲ ಎಂದರು. ಎಡ್ವಿನ್ ಬಹಳ ಹೊತ್ತು ನೋಡಿದ.

"ಚಿತ್ರ ಸುಳ್ಳು ಹೇಳೋದಿಲ್ಲ, ನಸ್ರೀನ್."

"ಸುಳ್ಳು ಹೇಳತೈತಿ ಅನ್ನಂಗಿಲ್ಲ ನಾನು. ನಾವು ಅದಕ್ಕ ಎಲ್ಲಿ ನೋಡು ಅಂತ ಹೇಳೇವಿ?"

ಎಡ್ವಿನ್ ಪರದೆಯ ಕಡೆ ತಿರುಗಿದ. ಯಂತ್ರ ತಲೆಯೆಲ್ಲವನ್ನೂ ನೋಡುತ್ತದೆ. ಆದರೆ ಹಣೆಯ ಹಿಂದಿನದ್ದನ್ನು ಬಿಟ್ಟು ಬೇರೆಡೆಯ ಮಿನುಗನ್ನೆಲ್ಲ ಗದ್ದಲವೆಂದು ಒರೆಸಿ ಹಾಕುವ ಲೆಕ್ಕಾಚಾರವನ್ನು ಅದಕ್ಕೆ ಕಲಿಸಿದವನು ಅವನೇ. ಮೊದಲ ಇಪ್ಪತ್ತು ರೋಗಿಗಳಲ್ಲಿ ಕುಡಿ ಬಂದದ್ದು ಅಲ್ಲಿಯೇ, ಆದ್ದರಿಂದ ಅಲ್ಲಿಯೇ ಬರುತ್ತದೆ ಎಂದುಕೊಂಡಿದ್ದ. ಊಟಕ್ಕೂ ಏಳದೆ, ಒರೆಸುವ ಮುನ್ನಿನ ಮೂಲ ದತ್ತಾಂಶವನ್ನು ತೆಗೆದು ಕೂತ. ಸಂಜೆ ನಾಲ್ಕರ ಹೊತ್ತಿಗೆ ಪರದೆಯ ಮೇಲೆ ಕಿವಿಗಳ ನೇರಕ್ಕೆ, ಆಳದಲ್ಲಿ, ಎರಡು ಸಣ್ಣ ಬಾಗಿದ ಪಟ್ಟಿಗಳು ಹೊಳೆದವು. ದಾರಿ ಮತ್ತು ಜಾಗಗಳ ನೆನಪನ್ನು ಕಟ್ಟುವ ಭಾಗ ಅದು. ಮೊದಲ ಡೋಸಿನ ನಂತರ ಸ್ವಲ್ಪ, ಎರಡನೆಯದಕ್ಕೆ ಇನ್ನಷ್ಟು, ಮೂರನೆಯದಕ್ಕೆ ಮೊದಲಿನ ಒಂದೂವರೆ ಪಟ್ಟು. ಔಷಧಿ ಎಲ್ಲೆಡೆ ಕುಡಿ ಒಡೆಸಿತ್ತು. ಅವಳು ಕೆಲಸ ಕೊಟ್ಟ ಕಡೆ ಮಾತ್ರ ಉಳಿದಿತ್ತು.

ನಸ್ರೀನ್ ಪತ್ರವನ್ನು ಹರಿದರು. ಎಡ್ವಿನ್‌ನ ಮುಖದಲ್ಲಿ ಸಂತೋಷವಿರಲಿಲ್ಲ. ಹನ್ನೊಂದು ಜನ ಎಂದಷ್ಟೇ ಹೇಳಿದ.

ಮುಂದಿನ ಐದು ದಿನ ಅವರಿಬ್ಬರೂ ಹಿಂದೆ ನಿಲ್ಲಿಸಿದ್ದ ಹನ್ನೊಂದೂ ಜನರ ಚಿತ್ರಗಳನ್ನು ಮತ್ತೆ ತೆರೆದರು. ನಾಲ್ವರಲ್ಲಿ ಎಲ್ಲಿಯೂ ಏನೂ ಇರಲಿಲ್ಲ. ಏಳು ಜನರಲ್ಲಿ ಇತ್ತು: ಒಬ್ಬ ಬಡಗಿಗೆ ಕೈಬೆರಳುಗಳನ್ನು ಆಳುವ ಭಾಗದಲ್ಲಿ, ಒಬ್ಬ ಸಂಗೀತ ಶಿಕ್ಷಕಿಗೆ ಕೇಳುವ ಭಾಗದಲ್ಲಿ. ಏಳೂ ಮನೆಗೆ ಎಡ್ವಿನ್ ತಾನೇ ಫೋನ್ ಮಾಡಿದ. ತಪ್ಪು ನಮ್ಮದು, ಬನ್ನಿ ಎಂದ. ಆರು ಜನ ಬರುತ್ತೇವೆ ಎಂದರು. ಏಳನೆಯ ಮನೆಯಲ್ಲಿ ಫೋನ್ ಎತ್ತಿದ್ದು ರೋಗಿಯ ಅಣ್ಣ. ತಮ್ಮ ತೀರಿಕೊಂಡು ಎರಡು ತಿಂಗಳಾಯಿತು ಎಂದು ಹೇಳಿ, ಫೋನ್ ಮಾಡಿದ್ದಕ್ಕೆ ಉಪಕಾರವಾಯಿತು ಎಂದೂ ಸೇರಿಸಿ ಇಟ್ಟುಬಿಟ್ಟ. ಎಡ್ವಿನ್ ಆ ವಾರವೇ ಆ ಊರಿಗೆ ಹೋಗಿಬಂದ. ಅಲ್ಲಿ ಏನು ಮಾತಾಯಿತೆಂದು ಯಾರಿಗೂ ಹೇಳಲಿಲ್ಲ. ಬಂದವನು ನಿಯಮವನ್ನು ಹೊಸದಾಗಿ ಬರೆದ. ಚಿತ್ರವೊಂದನ್ನೇ ನೋಡಿ ಯಾರನ್ನೂ ಕೈಬಿಡುವಂತಿಲ್ಲ. ರೋಗಿ ದಿನವಿಡೀ ಏನು ಮಾಡುತ್ತಾನೆಂದು ಮನೆಯವರನ್ನು ಕೂರಿಸಿ ಕೇಳಬೇಕು.

ನೀಲಾಂಬಿಕಾಳಿಗೆ ಹೊಳೆಯುವ ಪಟ್ಟಿಗಳನ್ನು ತೋರಿಸಿದಾಗ ಅವಳು ಇದು ನನ್ನದೇ ಏನು ಎಂದು ಕೇಳಿದಳು. ಹೌದೆಂದರು. ಮನಸ್ಸಿಗೇನೂ ಗೊತ್ತಾಗುತ್ತಿಲ್ಲವಲ್ಲ ಎಂದಳು. ಕುಡಿ ಬೇರೆ, ಮನಸ್ಸು ಬೇರೆ. ಒಂದು ಇನ್ನೊಂದನ್ನು ಎಳೆದು ತರುತ್ತದೆಂದು ನಮ್ಮ ನಂಬಿಕೆ, ಖಾತರಿ ಅಲ್ಲ ಎಂದರು ನಸ್ರೀನ್. ಆ ನೇರ ಮಾತು ಅವಳಿಗೆ ಹಿಡಿಸಿತು. ನಾಲ್ಕನೆಯ ಡೋಸಿಗೆ ತಾನೇ ತೋಳು ಚಾಚಿದಳು.

ಆರನೆಯದಾದ ಮೇಲೆ ಹಣೆಯ ಹಿಂದೆಯೂ ಅಲ್ಲೊಂದು ಇಲ್ಲೊಂದು ಮಿನುಗು ಕಂಡಿತು. ಮನೆಯಲ್ಲಿ ಅವಳು ಮಧ್ಯಾಹ್ನಕ್ಕೆ ಮೊದಲೇ ಕೆಳಗೆ ಬಂದು ಖಾನಾವಳಿಯ ಮೂಲೆಯಲ್ಲಿ ಕೂತು ಪಲ್ಲೆಯ ಸೊಪ್ಪು ಸೋಸತೊಡಗಿದಳು. ಗಿರಾಕಿಗಳು ಮಾತಾಡಿಸಿದರೆ ಒಂದೊಂದು ಮಾತು.

ಏಳನೆಯ ವಾರ, ಊಟದ ಗದ್ದಲದ ನಡುವೆ, ಪುಂಡಿಪಲ್ಲೆ ಬಿಡಿಸುತ್ತಿದ್ದವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು. ಬಸವಂತಪ್ಪ ನೋಡುವಷ್ಟರಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ಮೈಯೆಲ್ಲ ಅಲುಗುತ್ತಿತ್ತು. ಅವನು ಅವಳನ್ನು ಮೇಲಕ್ಕೆ ಕರೆದೊಯ್ದು ಮಲಗಿಸಿದ. ಅಳು ನಿಲ್ಲಲಿಲ್ಲ. ಎಲ್ಲ ಕೈಮೀರಿತು, ಬಂದದ್ದೆಲ್ಲ ಹೋಯಿತು ಎಂದುಕೊಂಡು ನಸ್ರೀನರಿಗೆ ಫೋನ್ ಮಾಡಿದ.

ಸಾಯುವ ಮಾತೇನಾದರೂ ಆಡಿದರೇ ಎಂದು ನಸ್ರೀನ್ ಮೊದಲು ಕೇಳಿದರು. ಇಲ್ಲ ಎಂದ. ಯಾರನ್ನು ನೆನೆದು ಅಳುತ್ತಿದ್ದಾರೆ ಎಂದು ಕೇಳಿದರು.

"ಅವರವ್ವನ್ನ ನೆನಸಿ ಅಳಾಕತ್ತಾಳ್ರಿ. ಹ್ವಾದ ವರ್ಷ ತೀರಿಕೊಂಡ್ರು. ಮಣ್ಣಿಗೆ ಹೋದಾಗ ಈಕಿ ಕಲ್ಲಿನಂಗ ನಿಂತಿದ್ದಳು. ಒಂದ ಹನಿ ಕಣ್ಣೀರು ಬಂದಿರಲಿಲ್ಲ. ಮಂದಿ ಏನೇನೋ ಅಂದ್ರು."

"ಹಂಗಾರ ಅಳಲಿ ಬಿಡ್ರಿ, ಬಸವಂತಪ್ಪ ಅವರ" ಎಂದರು ನಸ್ರೀನ್. "ನೀವು ಬಾಜೂಕ ಕುಂದರ್ರಿ, ಸಾಕು. ಇದು ಜಡ್ಡಲ್ಲ. ಇದು ದುಃಖ."

ಅವನು ಕೂತ. ಕೆಳಗೆ ಗಿರಾಕಿಗಳು ತಾವೇ ರೊಟ್ಟಿ ತಗೊಂಡು, ತಾವೇ ಬಡಿಸಿಕೊಂಡು ಉಂಡು ಹೋದರು. ಅವಳು ಅಳುತ್ತಲೇ ಅವ್ವನ ಬಗ್ಗೆ ಹೇಳಿದಳು: ಪುಂಡಿಪಲ್ಲೆಯ ಹುಳಿ ಹೆಚ್ಚಾದರೆ ನುಚ್ಚು ಹಾಕುತ್ತಿದ್ದದ್ದು, ಮಗಳು ರೈಲು ನಡೆಸುತ್ತಾಳೆಂದು ಹೆಮ್ಮೆಯಿಂದ ಊರವರಿಗೆಲ್ಲ ಹೇಳಿ, ತಾನು ಮಾತ್ರ ರೈಲು ಹತ್ತಲು ಹೆದರುತ್ತಿದ್ದದ್ದು. ಆ ಹೆದರಿಕೆಯ ಮಾತಿಗೆ ಬಂದಾಗ ಅಳುವಿನ ನಡುವೆಯೇ ಸಣ್ಣಗೆ ನಕ್ಕಳು. ಸಂಜೆ ಮುಖ ತೊಳೆದುಕೊಂಡು ಬಂದು, ಅವ್ವನ ಸೀರೆಗಳು ಇನ್ನೂ ಪೆಟ್ಟಿಗೆಯಲ್ಲೇ ಇವೆಯಂತೆ, ತಂಗಿ ಕಸ್ತೂರಿ ಒಬ್ಬಳೇ ಹಂಚಲಾರದೆ ಕಾಯುತ್ತಿದ್ದಾಳೆ ಎಂದಳು. "ರವಿವಾರ ಹೋಗೂಣೇನ್ರಿ?"

ರವಿವಾರ ಇಬ್ಬರೂ ನವಲಗುಂದದ ಹತ್ತಿರದ ಅವಳ ತವರು ಹಳ್ಳಿಗೆ ಬಸ್ಸಿನಲ್ಲಿ ಹೋದರು. ಅಕ್ಕ ತಂಗಿ ಪೆಟ್ಟಿಗೆ ತೆರೆದು ಮಧ್ಯಾಹ್ನದವರೆಗೆ ಕೂತಿದ್ದರು. ಹೊರಗೆ ಕಟ್ಟೆಯ ಮೇಲೆ ಕೂತ ಬಸವಂತಪ್ಪನಿಗೆ ಒಳಗಿನ ಅಳುವೂ ಕೇಳಿತು, ಯಾವ ಸೀರೆ ಯಾರಿಗೆ ಎಂಬ ಸಣ್ಣ ವಾದವೂ ಕೇಳಿತು. ಹೊರಡುವಾಗ ಕಸ್ತೂರಿ ಭಾವನ ಹತ್ತಿರ ಬಂದು, ಅಕ್ಕ ತಿರುಗಿ ಬಂದಳು ಎಂದಷ್ಟೇ ಹೇಳಿ ಒಳಗೆ ಹೋದಳು. ಪೂರ್ತಿ ಬಂದಿಲ್ಲ, ಇನ್ನೂ ಒಂದು ಡೋಸು ಉಳಿದಿದೆ, ಆಮೇಲೆಯೂ ಎರಡು ತಿಂಗಳಿಗೊಮ್ಮೆ ತೋರಿಸಬೇಕು, ಮತ್ತೆ ಎಂಜಿನ್ ಹತ್ತುವುದು ವೈದ್ಯರ ಮಂಡಳಿಯ ಕೈಯಲ್ಲಿದೆ ಎಂದೆಲ್ಲ ಅವನಿಗೆ ಗೊತ್ತಿತ್ತು.

ಹುಬ್ಬಳ್ಳಿಗೆ ವಾಪಸಾಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಅವಳು ಸ್ವಲ್ಪ ಹೊತ್ತು ಕಪ್ಪು ಹೊಲಗಳನ್ನು ನೋಡುತ್ತಿದ್ದಳು. ಆಮೇಲೆ ತಲೆ ಅವನ ಹೆಗಲಿಗೆ ವಾಲಿತು. ಬಾಯಿ ಸ್ವಲ್ಪ ತೆರೆದಿತ್ತು. ಸಣ್ಣಗೆ ಗೊರಕೆ. ತೊಡೆಯ ಮೇಲಿದ್ದ ಸೀರೆಯ ಗಂಟು ಜಾರುತ್ತಿತ್ತು. ಅವನು ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ಮೈ ಅಲುಗಿಸದೆ ಕೂತ. ಅವರ ಸ್ಟಾಪು ಬಂತು. ಕಂಡಕ್ಟರ್ ಹತ್ತಿರ ಬಂದು ಇಳಿಯಿರಿ ಎಂದ.

"ಇನ್ನೆರಡು ಟಿಕೆಟ್ ಕೊಡ್ರಿ" ಎಂದ ಬಸವಂತಪ್ಪ ಪಿಸುಮಾತಿನಲ್ಲಿ. "ಕಡೀ ಸ್ಟಾಪಿನ ತನಕ."

ಕಂಡಕ್ಟರ್ ಅವಳ ಮುಖವನ್ನೊಮ್ಮೆ ನೋಡಿದ. ಬಾಯಿಗೆ ಇಟ್ಟಿದ್ದ ಸೀಟಿಯನ್ನು ಊದದೆ ತೆಗೆದು, ಬಾಗಿಲ ತಗಡನ್ನು ಬೆರಳಿಂದ ಮೆಲ್ಲಗೆ ಎರಡು ಸಲ ಬಡಿದ. ಬಸ್ಸು ಹೊರಟಿತು.